ಬೋರಣ್ಣನ ಮನೆಯ ಹೊಸಿಲು

೧೯೫೯ರ ಮಾರ್ಚ್ ೨೩, ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಸುದ್ದಗುಂಟೆಪಾಳ್ಯದ ಬೋರಣ್ಣ ಠಾಣೆಗೆ ಬಂದು ದೂರು ಕೊಟ್ಟ. ಮಗಳ ಕಾಸಿನ ಸರ ಕಳುವಾಗಿದೆ. ಹನ್ನೊಂದನೇ ತಾರೀಖು ಸಂಜೆ ಬಿಚ್ಚಿಟ್ಟಿದ್ದಳು. ನಿನ್ನೆ ನೆಂಟರ ಮದುವೆಗೆ ಹೊರಡುವಾಗ ಪೆಟ್ಟಿಗೆ ಬರಿದು. ಜಯನಗರದಲ್ಲಿ ಅವನ ಹೊಸ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಚಿಕ್ಕಬೈರಪ್ಪ, ಹನ್ನೆರಡರಂದು ಬಾಗಿಲು ನಿಲ್ಲಿಸಿದ ದಿನ, ಹಳೇ ಮನೆಗೆ ಊಟಕ್ಕೆ ಬಂದಿದ್ದ. ಅವನೇ ಕಳ್ಳ ಎಂದು ಎಫ್‌ಐಆರ್‌ನಲ್ಲಿ ಹೆಸರು ಸಮೇತ ಬರೆಸಿದ.

ಪಾಪ, ಮೇಸ್ತ್ರಿ ಒಂದಿಡೀ ದಿನ ಲಾಕಪ್ಪಿನಲ್ಲಿ ಕೂತ. ಇನ್‌ಸ್ಪೆಕ್ಟರ್ ಶಂಭುಲಿಂಗಪ್ಪನವರಿಗೆ ಅವನ ಮೇಲೆ ಅನುಮಾನ ಹುಟ್ಟಲಿಲ್ಲ. ಅವನು ಉಂಡದ್ದು ಜಗಲಿಯಲ್ಲಿ, ಪೆಟ್ಟಿಗೆ ಇದ್ದದ್ದು ಅಡುಗೆಮನೆ ಪಕ್ಕದ ಕೋಣೆಯಲ್ಲಿ. ಅವತ್ತು ನಡೆದದ್ದನ್ನೆಲ್ಲ ಹೇಳಿಸಿದರು. ಹೊಸಿಲಡಿ ಇಡುವ ನವಧಾನ್ಯದ ಗಂಟು ಸಾಮಾನ್ಯವಾಗಿ ನಿಂಬೆಹಣ್ಣಿನಷ್ಟಿರುತ್ತದಂತೆ. ಬೋರಣ್ಣನ ಗಂಟಿಗೆ ಮಾತ್ರ ಗುಂಡಿಯನ್ನು ಎರಡನೇ ಸಲ ಕೆತ್ತಬೇಕಾಯಿತಂತೆ. ಇನ್‌ಸ್ಪೆಕ್ಟರು ಅದನ್ನು ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು.

ಮಾರನೇ ದಿನ ಬೋರಣ್ಣನ ಹೆಂಡತಿ ಲಕ್ಷ್ಮಿದೇವಮ್ಮನ ವಿಚಾರಣೆ.

"ಗಂಟು ಕಟ್ಟಿದ್ದು ಯಾರಮ್ಮ?"

"ನಾನೇ."

"ಒಂಬತ್ತು ಧಾನ್ಯ ಯಾವ್ಯಾವು ಹಾಕಿದ್ರಿ?"

ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಎಳ್ಳು... ಆರಕ್ಕೆ ಆಯಮ್ಮನ ಬಾಯಿ ಕಟ್ಟಿತು. ಗಂಡನ ಮುಖ ನೋಡುತ್ತಾ ನಿಜ ಹೇಳಿದಳು. ಕಟ್ಟಿದ್ದು ಅತ್ತಿಗೆ ಅಂಜನಮ್ಮ.

ಈ ಅಂಜನಮ್ಮ ಬೋರಣ್ಣನ ಅಕ್ಕ. ಗಂಡ ಸತ್ತು ತವರಿಗೆ ಬಂದ ವಾರದಲ್ಲೇ ತಮ್ಮ ಅವಳ ಸರ ಬಿಚ್ಚಿಸಿ, ಇನ್ನು ನಿನಗೇಕೆ ಎಂದು ತನ್ನ ಮಗಳ ಕೊರಳಿಗೆ ಹಾಕಿದ್ದ. ಬಾಗಿಲು ಪೂಜೆಯ ದಿನ, ಶುಭಕಾರ್ಯಕ್ಕೆ ಎದುರು ಬರಬೇಡ, ಒಳಗೇ ಇರು ಅಂದಿದ್ದ. ನಲವತ್ತು ಜನರ ಅಡುಗೆಯನ್ನೂ ಪೂಜೆಯ ಗಂಟನ್ನೂ ಮಾತ್ರ ಅವಳ ತಲೆಗೇ ಕಟ್ಟಿದ್ದರು. ಮುಖ ಆಗದಂತೆ, ಕೈ ಆಗುತ್ತದಂತೆ! ಎಂಥ ಜನವಪ್ಪಾ ಅನ್ನಿಸಿತು ಶಂಭುಲಿಂಗಪ್ಪನವರಿಗೆ.

ಹೊಸಿಲು ಕೀಳಿಸಿ ಗಂಟು ನೋಡಬೇಕು ಎಂದರು. ಬೋರಣ್ಣ ಕೈಮುಗಿದ. ಸರ ಹೋದರೆ ಹೋಗಲಿ, ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಕೂರಿಸಿದ ಹೊಸಿಲು ಕಿತ್ತರೆ ವಂಶಕ್ಕೇ ಕೇಡು ಎಂದು ಗೋಗರೆದ.

"ಮೇಸ್ತ್ರಿಗೆ ಕಳ್ಳ ಅಂತ ಹೆಸರು ಬಂತಲ್ಲ, ಅದನ್ನ ಯಾರು ವಾಪಸ್ ತಗೋತಾರೆ?" ಎಂದರು ಇನ್‌ಸ್ಪೆಕ್ಟರು.

ಮಧ್ಯಾಹ್ನ ಮೂರಕ್ಕೆ ಇಬ್ಬರು ಪಂಚರ ಮುಂದೆ ಚಿಕ್ಕಬೈರಪ್ಪನೇ ಹಾರೆ ಹಿಡಿದ. ಗಾರೆ ಕಲ್ಲಿನಂತೆ ಗಟ್ಟಿಯಾಗಿತ್ತು. ತೇಗದ ಹೊಸಿಲು ಎರಡು ಹೋಳಾಯಿತು. ಕಪ್ಪಿಟ್ಟ ಧಾನ್ಯದ ನಡುವೆ ಮೂವತ್ತೆರಡು ಕಾಸಿನ ಸರ ಸಿಕ್ಕಿತು. ಕಾನ್‌ಸ್ಟೇಬಲ್ ರಾಮಯ್ಯ ಪಂಚನಾಮೆ ಬರೆದು ಸಹಿ ಹಾಕಿಸಿದ.

ಸಂಜೆ ಐದೂವರೆಗೆ ಹಳೇ ಮನೆಯಲ್ಲಿ ಅಂಜನಮ್ಮನ ದಸ್ತಗಿರಿ. ಅವಳು ಅಕ್ಕಿ ಆರಿಸುತ್ತಿದ್ದಳು. ಇಲ್ಲ ಅನ್ನಲಿಲ್ಲ.

"ನನ್ನ ತಮ್ಮನ ಕೈಯಿಂದ್ಲೇ ಹೂಳಿಸ್ದೆ ಸ್ವಾಮಿ. ನಂಗಿಲ್ಲದ ಅರಿಶಿನ ಕುಂಕುಮಾನ ಅವನ ಹೆಂಡ್ತಿ ದಿನಾ ಬೆಳಗ್ಗೆ ಬಗ್ಗಿ ನನ್ನ ಸರದ ಮೇಲೇ ಇಡ್ಬೇಕಿತ್ತು."

ಹೇಳಿಕೆಯನ್ನು ಹಾಗೇ ಬರೆದುಕೊಂಡರು. ಜೀಪಿನ ಹತ್ತಿರ ಅವಳು ನಿಂತಳು.

"ಹೊಸಿಲು ಒಡೀವಾಗ ನನ್ನ ತಮ್ಮ ಅಲ್ಲೇ ಇದ್ನಾ?"

"ಇದ್ದ."

"ಅತ್ನಾ?"

ಶಂಭುಲಿಂಗಪ್ಪನವರು ಹೇಳಿಕೆಯ ಹಾಳೆ ಮಡಿಸಿ ಜೇಬಿಗಿಟ್ಟರು.

"ಅತ್ತ."

ಅಂಜನಮ್ಮ ಸೆರಗು ಸರಿಮಾಡಿಕೊಂಡು ಜೀಪು ಹತ್ತಿದಳು.