ವಾಲ್ವಿನ ನೇರಕ್ಕೆ ಮೊದಲಕ್ಷರ

ಸೋಮವಾರ ಬೆಳಿಗ್ಗೆ 9.40ಕ್ಕೆ ಕಾರು ಶೋರೂಮಿನ ಮ್ಯಾನೇಜರ್ ಠಾಣೆಗೆ ಬಂದು ದೂರು ಬರೆದುಕೊಟ್ಟ. ಉಗ್ರಾಣದಲ್ಲಿದ್ದ ಹದಿನಾರು ದುಬಾರಿ ಟೈರುಗಳು ಮಾಯವಾಗಿದ್ದವು. ಅವುಗಳ ಹೊದಿಕೆಯೊಳಗೆ ಅಗ್ಗದ ಟೈರುಗಳು ಏನೂ ಅರಿಯದವರಂತೆ ಕುಳಿತಿದ್ದವು. 10.15ಕ್ಕೆ ಎಫ್‌ಐಆರ್ ಆಯಿತು.

ಇನ್‌ಸ್ಪೆಕ್ಟರ್ ಎರಡು ದಿನ ಕಾನ್‌ಸ್ಟೇಬಲ್‌ಗಳನ್ನು ಊರಿನ ಟೈರ್ ಅಂಗಡಿಗಳಿಗೆಲ್ಲ ಅಟ್ಟಿದರು. ಒಂದೂ ಸಿಗಲಿಲ್ಲ. ಬುಧವಾರ 11 ಗಂಟೆಗೆ ಪಂಚನಾಮೆಗೆಂದು ಅವರ ಜೊತೆ ಶೋರೂಮಿಗೆ ಹೋದ ದಫೇದಾರ, ಗ್ರಾಹಕರಿಗಾಗಿ ತೊಳೆದು ನಿಲ್ಲಿಸಿದ್ದ ಹೊಸ ಕಾರುಗಳ ಪಕ್ಕ ಮಂಡಿಯೂರಿದ. ಪೊಲೀಸ್ ಕೆಲಸ ಸಿಗುವ ಮುಂಚೆ ನಾಲ್ಕು ವರ್ಷ ಟೈರ್ ಅಂಗಡಿಯಲ್ಲಿ ದುಡಿದವನು. ಅವನ ಕಣ್ಣು ಮೊದಲು ಹೋಗುವುದು ಚಕ್ರಕ್ಕೇ. ನಾಲ್ಕು ಕಾರು, ಹದಿನಾರು ಟೈರು, ಎಲ್ಲವೂ ಕಳುವಾದವೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದರು!

"ಸಾರ್, ಮಾಲು ಕಾಂಪೌಂಡೇ ದಾಟಿಲ್ಲ."

ಇನ್‌ಸ್ಪೆಕ್ಟರ್ ಮ್ಯಾನೇಜರ್ ಕಡೆ ತಿರುಗಿದರು. "ಗಾಡಿ ಕೊಡೋ ಮುಂಚೆ ಏನೇನು ನೋಡ್ತೀರಿ?"

"ಬಣ್ಣ, ಸೀಟು, ಮ್ಯೂಸಿಕ್ಕು, ಮ್ಯಾಟು."

"ಟೈರು?"

"ಅದನ್ನ ಯಾರು ಸಾರ್ ಬಗ್ಗಿ ನೋಡ್ತಾರೆ?"

ದಫೇದಾರನಿಗೆ ಇನ್ನೊಂದು ಕಂಡಿತ್ತು. ಹದಿನಾರರಲ್ಲೂ ಟೈರಿನ ಮೇಲೆ ಅಚ್ಚಾದ ಕಂಪನಿ ಹೆಸರಿನ ಮೊದಲಕ್ಷರ ಗಾಳಿ ತುಂಬುವ ವಾಲ್ವಿನ ನೇರಕ್ಕೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದರಿಂದ ಗಾಡಿಯೇನೂ ಚೆನ್ನಾಗಿ ಓಡುವುದಿಲ್ಲ. ಕೆಲಸದ ಅಂದಕ್ಕೆ ಮಾಡುವುದು. ಅವನಿಗೆ ತಿಳಿದಂತೆ ಆ ಹಟ ಇದ್ದದ್ದು ಒಬ್ಬರಿಗೇ, ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಗೆ. ತಮ್ಮ ಅಂಗಡಿ ಮುಚ್ಚಿದ ಮೇಲೆ ಅವರು ಇದೇ ಶೋರೂಮಿನ ವರ್ಕ್‌ಶಾಪಿಗೆ ಸೇರಿದ್ದರು. ಬಾಯಿ ಬಿಟ್ಟರೆ ಗುರುದ್ರೋಹ, ಬಿಡದಿದ್ದರೆ ಖಾಕಿಗೆ ದ್ರೋಹ. ಎದ್ದು ನಿಂತು, ಇದು ಯಾರ ಕೈಕೆಲಸವೆಂದು ಇನ್‌ಸ್ಪೆಕ್ಟರಿಗೆ ಹೇಳಿಯೇಬಿಟ್ಟ.

12.30ಕ್ಕೆ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಮೇಸ್ತ್ರಿಯ ವಿಚಾರಣೆ ಶುರುಮಾಡಿದರು.

"ಟೈರು ಬದಲಾಯಿಸಿದ್ದು ನೀವೇನಾ?"

"ನಾನೇ."

"ಯಾಕೆ?"

"ಹೋದ ಮಳೇಲಿ ಅದೇ ಮಾಡೆಲ್ ಗಾಡಿ ಓಡಿಸಿ ನೋಡ್ದೆ ಸಾರ್. ಬ್ರೇಕ್ ತುಳಿದ್ರೆ ಜಾರ್ಕೊಂಡು ಹೋಗಿ ಗೋಡೆಗೆ ಮುತ್ತು ಕೊಡ್ತು. ಅಷ್ಟು ಭಾರದ ಗಾಡಿಗೆ ಕಂಪನಿಯಿಂದ ಬರೋ ಆ ಅಗ್ಗದ ಟೈರು ಸಾಲ್ದು ಅಂತ ಮೂರು ಸಲ ಬರೆದುಕೊಟ್ಟೆ. ಮ್ಯಾನೇಜರ್ ನಕ್ರು. ಗಾಡಿ ನಿಲ್ಲಿಸೋದು ಟೈರು ಸಾರ್, ಮ್ಯೂಸಿಕ್ಕಲ್ಲ."

"ಕದ್ದದ್ದು ತಪ್ಪಲ್ವಾ?"

"ತಪ್ಪೇ, ಬರ್ಕೊಳ್ಳಿ. ಕೂರಿಸಿದ್ದು ಸರಿಯಾಗಿದೆ ಅಂತಾನೂ ಬರ್ಕೊಳ್ಳಿ." ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. "ನನ್ನ ಕೈ ಅಂತ ಗುರುತು ಹಿಡಿದಿದ್ದು ಯಾರು?"

ದಫೇದಾರ ತಲೆ ತಗ್ಗಿಸಿದ. "ನಾನೇ, ಮೇಸ್ತ್ರಿ."

ಮುದುಕನ ಮುಖ ಅರಳಿತು. "ಅಕ್ಷರ ನೋಡಿದ್ಯಾ?"

"ಹೂಂ."

"ಭೇಷ್! ಹಾಗಾದ್ರೆ ನನ್ನ ಕೈಲಿ ನಾಲ್ಕು ವರ್ಷ ತಿಂದ ಏಟು ದಂಡ ಆಗ್ಲಿಲ್ಲ ಬಿಡು."

ದಫೇದಾರನ ಕಣ್ಣು ತುಂಬಿತು. ಇಂಥವರ ಕೈಯಲ್ಲಿ ಪಳಗಿದವನು ತಾನು ಎಂದು ಅವನಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಅವನು ಮುಚ್ಚಿಡಲೂ ಇಲ್ಲ. ದಸ್ತಗಿರಿ ಪತ್ರವನ್ನು ತಾನೇ ದುಂಡಗೆ ಬರೆದು, ಮಧ್ಯಾಹ್ನ 2.10 ಎಂದು ಸಮಯ ಹಾಕಿದ.

ತನಿಖಾ ವರದಿಯ ಕೊನೆಯಲ್ಲಿ ಇನ್‌ಸ್ಪೆಕ್ಟರ್ ಒಂದು ಸಾಲು ಸೇರಿಸಿದರು: ಆ ನಾಲ್ಕು ಕಾರು ಕೊಂಡವರಲ್ಲಿ ಒಬ್ಬರನ್ನೂ ಆರೋಪಿ ಕಂಡಿರಲಿಲ್ಲ, ಅವರಿಂದ ಒಂದು ಕಾಸೂ ಪಡೆದಿರಲಿಲ್ಲ.