ಸೊನ್ನೆಗೆ ಮರಳದ ಮುಳ್ಳು

ಯಾರೋ ಹೇಳಿದ್ದಲ್ಲ, ನಾನೇ ಅಲ್ಲಿದ್ದೆ. ಟ್ರಾನ್ಸ್‌ಫಾರ್ಮರ್ ಹೊತ್ತ ಭಾರೀ ಟ್ರೇಲರ್ ಹನಗೋಡಿನ ಹಳೇ ಸೇತುವೆ ದಾಟಬೇಕಿತ್ತು. ಸೇತುವೆ ಎಷ್ಟು ಬಾಗುತ್ತದೆಂದು ನೋಡಲು ನಾನು ಅದರ ಕೆಳಗೆ ಮೀಟರ್ ಹಿಡಿದು ಕೂತಿದ್ದೆ.

"ಚಕ್ರಕ್ಕೆ ನಿಂಬೆಹಣ್ಣು ಇಡನಾ ಅಣ್ಣ?" ಎಂದ ಕೂಲಿಯಾಳು ಪುಟ್ಟಸ್ವಾಮಿ.

"ಟೈಮಿಲ್ಲ, ಬುಡ್ಲಾ," ಎಂದು ಗುತ್ತಿಗೆದಾರ ಗದರಿದ.

ಟ್ರೇಲರ್ ದಾಟಿಹೋಯಿತು. ಮೀಟರಿನ ಮುಳ್ಳು ಮಾತ್ರ ಸೊನ್ನೆಗೆ ಮರಳಲಿಲ್ಲ. ಮಟಮಟ ಮಧ್ಯಾಹ್ನದಲ್ಲೂ ಸೇತುವೆಯಡಿ ಕೊರೆಯುವ ಚಳಿ. ತಲೆಯ ಮೇಲೆ ಕಾಂಕ್ರೀಟು ಮುಲುಗುತ್ತಿತ್ತು.

"ಇನ್ನೂ ಭಾರ ಇದೆ ಕಣ್ರೀ!" ಎಂದು ಕೂಗಿದೆ.

"ಸೇತುವೆ ಖಾಲಿ ಐತೆ ಸಾರ್. ಲೋ ಪುಟ್ಟಸ್ವಾಮಿ, ನಡ್ಕೊಂಡೋಗಿ ತೋರ್ಸ್ಲಾ," ಎಂದು ಗುತ್ತಿಗೆದಾರ ಜೀಪು ಹತ್ತಿದ.

ಪುಟ್ಟಸ್ವಾಮಿಯ ಹೆಜ್ಜೆ ನಡುಸೇತುವೆಯವರೆಗೆ ಕೇಳಿಸಿತು. ಆಮೇಲೆ, ಚಕ್ರದಡಿ ನಿಂಬೆಹಣ್ಣು ಒಡೆದಂಥ ಸದ್ದು. ಮುಳ್ಳು ಮೆಲ್ಲಗೆ ಸೊನ್ನೆಗೆ ಬಂತು.

"ಸರಿಹೋಯ್ತಾ ಸಾರ್? ಅಂಗಾದ್ರೆ ಸೇತುವೆ ಪಾಸು!" ಎಂದು ಗುತ್ತಿಗೆದಾರ ಜೀಪಿನಿಂದಲೇ ಕೂಗಿದ.

ಸೇತುವೆ ಇವತ್ತಿಗೂ ಗಟ್ಟಿಯಾಗಿದೆ. ಪುಟ್ಟಸ್ವಾಮಿ ಯಾವ ದಡದಲ್ಲೂ ಸಿಗಲಿಲ್ಲ.