ಚಾಪೆಲ್ ಹೊಲದ ಬೆಳ್ಳಿ ಮುದ್ರೆ

"ನಾನು ಕಳ್ಳಿ ಅಲ್ಲ, ಮಿಸೆಸ್ ಥರ್ಲೋ! ಆ ಗುಂಡಿ ನಾನು ತೋಡಿದ್ದಲ್ಲ!"

ಶುಕ್ರವಾರ ಬೆಳಿಗ್ಗೆ ಹೆಸ್ಟರ್ ಥರ್ಲೋ ಅವರ ಅಡುಗೆಮನೆಗೆ ನುಗ್ಗಿದ ಮರ್ಸಿ ಕ್ಯಾಚ್‌ಪೋಲ್ ಅಷ್ಟು ಹೇಳಿ ಕುರ್ಚಿಯ ಮೇಲೆ ಕುಸಿದಳು. ನಾನು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದವನು ಚಾಕು ಹಿಡಿದುಕೊಂಡೇ ಎದ್ದು ನಿಂತೆ.

ಮರ್ಸಿ ನಮ್ಮ ಮಾರ್ಲಿಂಗ್‌ಹ್ಯಾಮ್ ಶಾಲೆಯಲ್ಲಿ ಅಡುಗೆ ಮಾಡುವವಳು. ರಜೆ ಸಿಕ್ಕರೆ ಡಿಟೆಕ್ಟರ್ ಹಿಡಿದು ಹೊಲಗಳಲ್ಲಿ ಹಳೆಯ ಲೋಹ ಹುಡುಕುವ ಹುಚ್ಚು; ಹಾಗೆ ಹುಡುಕುವವರದ್ದೇ ಒಂದು ಸಂಘ ಊರಲ್ಲಿತ್ತು. ಹೆಸ್ಟರ್ ಮೂವತ್ತು ವರ್ಷ ಜಿಲ್ಲಾ ದಾಖಲೆ ಕಚೇರಿಯ ನಕ್ಷೆ ಕೋಣೆಯನ್ನು ನೋಡಿಕೊಂಡವರು. ಊರಿನಲ್ಲಿ ಯಾವ ಒಗಟು ಎದ್ದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಪಕ್ಕದ ಮನೆಯ ನಿವೃತ್ತ ಟಪಾಲಿನವನಾದ ನಾನು, ಆಲ್ಬನ್ ಪಾಸ್ಕ್, ಅವರ ಬಾಲದ ಹಾಗೆ ಹಿಂದೆ ಇರುತ್ತಿದ್ದೆ.

"ಮೊದಲು ಟೀ ಕುಡಿ. ಆಮೇಲೆ ಮೊದಲಿಂದ ಹೇಳು," ಎಂದರು ಹೆಸ್ಟರ್.

ಎರಡು ಚಳಿಗಾಲ ಕೂತು ಮರ್ಸಿ ಹಳೆಯ ನಕ್ಷೆಗಳನ್ನು ಜಾಲಾಡಿದ್ದಳಂತೆ. ಚರ್ಚಿನ ತೆರಿಗೆಗಾಗಿ 1840ರಲ್ಲಿ ಬರೆದ ನಕ್ಷೆಯಲ್ಲಿ ಡಾರ್ಕಸ್ ಗ್ಯಾರಡ್ ಅವರ ಗೋಧಿ ಹೊಲಕ್ಕೆ 'ಚಾಪೆಲ್ ತಾಕು' ಎಂಬ ಹೆಸರಿತ್ತು. ಈಗ ಅಲ್ಲಿ ಚಾಪೆಲ್ ಅನ್ನುವ ಪುಟ್ಟ ಚರ್ಚು ಇಲ್ಲ, ಕಲ್ಲೂ ಇಲ್ಲ, ಇತ್ತೆಂದು ಬಲ್ಲವರೂ ಇಲ್ಲ. ಕೊಯ್ಲು ಮುಗಿದ ಮೇಲೆ, ಶನಿವಾರ ಹುಡುಕಲು ಡಾರ್ಕಸ್ ಒಪ್ಪಿದ್ದರು. ಆದರೆ ಇಂದು ಬೆಳಿಗ್ಗೆ ಹೊಲದಲ್ಲಿ ಮೊಣಕೈ ಆಳದ ಗುಂಡಿ. ಅದರ ಪಕ್ಕದಲ್ಲೇ ಮರ್ಸಿಯ ಕೈಸಲಿಕೆ. ಹಿಡಿಯ ಮೇಲೆ ಅವಳ ಹೆಸರಿನ ಅಕ್ಷರಗಳು.

"'ನಾಳೆ ಹೊತ್ತಿಗೆ ಪೊಲೀಸರಿಗೆ ಹೇಳ್ತೀನಿ, ನಿನ್ನ ಸಂಘದವರು ಯಾರೂ ಈ ಊರಿನ ಮಣ್ಣು ಮುಟ್ಟಬಾರದು' ಅಂದ್ರು ಡಾರ್ಕಸ್. ಕಳ್ಳಿ ಅನ್ನಿಸಿಕೊಂಡೋಳನ್ನ ಶಾಲೇಲಿ ಇಟ್ಕೋತಾರಾ?"

"ಸಲಿಕೆ ಕೊನೆಗೆ ನೋಡಿದ್ದು ಯಾವಾಗ?"

"ಬುಧವಾರ, ಸಂಘದ ಸಭೇಲಿ. ಚೀಲ ಅಲ್ಲೇ ಬಿಟ್ಟು ಎಲ್ಲರಿಗೂ ಟೀ ಮಾಡಕ್ಕೆ ಹೋದೆ. ಮನೆಗೆ ಬಂದು ನೋಡಿದ್ರೆ ಇರಲಿಲ್ಲ. ಪುಣ್ಯಕ್ಕೆ ನಕ್ಷೆ ಇತ್ತು."

ಅವಳು ತೆಳುಹಾಳೆಯಲ್ಲಿ ಪೆನ್ಸಿಲಿನಿಂದ ಇಳಿಸಿಕೊಂಡ ನಕಲನ್ನು ಬಿಡಿಸಿದಳು. ಚಾಪೆಲ್ ತಾಕಿನ ನಡುವೆ 214 ಎಂಬ ಸಂಖ್ಯೆ. ಅಲ್ಲಿಂದ ಹೊರಟ ಕಾಲುದಾರಿ ಬೇಲಿ ದಾಟಿ ಪಕ್ಕದ ಹುಲ್ಲುಗಾವಲಿಗೆ ಇಳಿದಿತ್ತು. ಹೆಸ್ಟರ್ ಭೂತಗನ್ನಡಿ ಹಿಡಿದು ಸಂಖ್ಯೆಯನ್ನೇ ನೋಡಿದರು.

"ಇದನ್ನ ಬೇರೆ ಯಾರಿಗಾದರೂ ತೋರಿಸಿದ್ಯಾ?"

"ಯಾರಿಗೂ ಇಲ್ಲ, ದೇವರಾಣೆ."

ನನ್ನ ಅನುಮಾನವೆಲ್ಲ ಡಾರ್ಕಸ್ ಅವರ ಉಳುವ ಆಳು ಸೈಲಸ್ ಮೇಲೆ. ಹೊಲ ಅವನಿಗೆ ಅಂಗೈಯಷ್ಟೇ ಪರಿಚಿತ, ಬೂಟಿನ ತುಂಬ ಹಸಿಮಣ್ಣು ಎಂದೆ.

"ಆಲ್ಬನ್, ಮಾರಾಯ, ಉಳುವವನ ಬೂಟಲ್ಲಿ ಮಣ್ಣಿರದೆ ಸಕ್ಕರೆ ಇರತ್ತಾ?" ಎಂದು ಹೆಸ್ಟರ್ ನನ್ನ ಬಾಯಿ ಮುಚ್ಚಿಸಿದರು.

ಮಧ್ಯಾಹ್ನ ಊರೇ ಸಭಾಭವನಕ್ಕೆ ಓಡಿತು. ಸಂಘದ ಅಧ್ಯಕ್ಷ ರೂಪರ್ಟ್ ಆರಿಸ್ ತನ್ನ ಹುಲ್ಲುಗಾವಲಿನಲ್ಲಿ ಆರುನೂರು ವರ್ಷ ಹಳೆಯ ಬೆಳ್ಳಿ ಮುದ್ರೆ ಸಿಕ್ಕಿದೆ ಎಂದು ಸಾರಿದ್ದ. ಅವನ ಹುಲ್ಲುಗಾವಲಿಗೂ ಡಾರ್ಕಸ್ ಹೊಲಕ್ಕೂ ನಡುವೆ ಒಂದು ಬೇಲಿ ಮಾತ್ರ. ಹೆಬ್ಬೆರಳಿನಷ್ಟು ಮುದ್ರೆ, ಅದರಲ್ಲಿ ಮಂಡಿಯೂರಿದ ಪಾದ್ರಿಯ ಚಿತ್ರ. ನಾನೂ ಜನರನ್ನು ಸರಿಸಿ ಬಗ್ಗಿ ನೋಡಿದೆ.

"ಹೇಗೆ ಹುಡುಕಿದಿರಿ?" ಹೆಸ್ಟರ್ ಕೇಳಿದರು.

"ಓದು, ಮೇಡಂ, ಓದು!" ರೂಪರ್ಟ್ ಎದೆಯುಬ್ಬಿಸಿದ. "ದಾಖಲೆ ಕಚೇರಿಗೆ ಹೋಗಿ 1840ರ ಮೂಲ ನಕ್ಷೆ ನೋಡ್ದೆ. 214ನೇ ತಾಕು, ಅಂದ್ರೆ ಚಾಪೆಲ್. ಅಲ್ಲಿಂದ ಹೊರಟ ಹಾದಿ ನನ್ನ ಹುಲ್ಲುಗಾವಲಿಗೆ ಬರತ್ತೆ. ಯಾವನೋ ಪಾದ್ರಿ ದಾರೀಲಿ ಬೀಳಿಸಿಕೊಂಡಿದಾನೆ."

"ಜಾಗ?"

"ಬೇಲಿಯಿಂದ ಇಪ್ಪತ್ತು ಹೆಜ್ಜೆ, ಓಕ್ ಮರದ ನೇರಕ್ಕೆ. ಗೂಟ ಹೊಡೆದಿದೀನಿ. ಮೊಣಕೈ ಆಳ, ಮಣ್ಣು ಬೆಣ್ಣೆ ಥರ."

ಹೆಸ್ಟರ್ ತಲೆದೂಗಿ ಅಭಿನಂದಿಸಿದರು. ಹೊರಗೆ ಬಂದವರೇ ನನ್ನ ತೋಳು ಹಿಡಿದು ಹೆಚ್ಚುಕಡಿಮೆ ಓಡಿಸಿಕೊಂಡು ಹೋದರು. ಎಪ್ಪತ್ತರ ಹೆಂಗಸಿಗೆ ಅಷ್ಟು ವೇಗ ಎಲ್ಲಿಂದ ಬಂತೋ! ಸಂಜೆಯವರೆಗೆ ಮೇಜಿನ ಮೇಲೆ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿ ನೋಡಿದರು. 1886ರ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು: "ರೂಪರ್ಟ್ ಹುಲ್ಲುಗಾವಲಲ್ಲಿ ಒಂದು ಹೊಂಡ ಇತ್ತಲ್ಲ, ನೆನಪಿದ್ಯಾ?"

"ಇಲ್ಲದೆ ಏನು! ಹೊಲಕ್ಕೆ ಗೊಬ್ಬರವಾಗಿ ಹಾಕೋ ಸುಣ್ಣಮಣ್ಣಿಗೆ ತೋಡಿದ್ದು. ನಾನು ಟಪಾಲಿಗೆ ಸೇರಿದ ವರ್ಷ ಹಳೇ ಕೊಟ್ಟಿಗೆ ಕೆಡವಿ, ಲಾರಿಗಟ್ಟಲೆ ಇಟ್ಟಿಗೆ ಸುರಿದು ಮುಚ್ಚಿದ್ರು. ಸೈಕಲ್ ಚಕ್ರ ಎರಡು ಸಲ ತೂತಾಯ್ತು."

ಹೆಸ್ಟರ್ ನನ್ನ ಬೆನ್ನು ತಟ್ಟಿದ ರಭಸಕ್ಕೆ ಟೀ ಚೆಲ್ಲಿತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ರೂಪರ್ಟನ ಹುಲ್ಲುಗಾವಲಿನ ಗೂಟದ ಬಳಿ ನಾವು ಆರು ಜನ ಸೇರಿದೆವು. ಡಾರ್ಕಸ್ ಊರುಗೋಲು ಹಿಡಿದು ಗಂಟುಮುಖ ಹಾಕಿದ್ದರು. ಮರ್ಸಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಸೈಲಸ್, ಗೂಟದ ಪಕ್ಕದಲ್ಲೇ ಅಗಿ," ಎಂದರು ಹೆಸ್ಟರ್.

"ಬೆಣ್ಣೆ ತಾನೇ? ಎರಡು ನಿಮಿಷ," ಎಂದ ಸೈಲಸ್ ಸಲಿಕೆ ಒತ್ತಿದ. ಠಣ್! ಜಾಗ ಬದಲಿಸಿದ. ಮತ್ತೆ ಠಣ್! ಒಂದು ಗೇಣು ಕೆಳಗೆ ಬರೀ ಇಟ್ಟಿಗೆ, ಒಡೆದ ಹೆಂಚು, ಹಳೆಯ ಬಿಯರ್ ಬಾಟಲಿ. ಗೂಟದ ಸುತ್ತ ಎಲ್ಲೂ ಯಾರೂ ಅಗೆದ ಗುರುತಿರಲಿಲ್ಲ. "ಯಾವ ಹಸು ಕೊಟ್ಟ ಬೆಣ್ಣೆ ಇದು, ರೂಪರ್ಟ್?" ಎಂದ ಸೈಲಸ್.

"ಅದು... ನಾನು ಗೂಟ ಸರಿಯಾಗಿ ಹೊಡೆದಿಲ್ಲ, ಅಷ್ಟೇ."

"ಸರಿಯಾಗೇ ಹೊಡೆದಿದೀರಿ," ಎಂದರು ಹೆಸ್ಟರ್. "1840ರ ಹಾದಿ ಇಲ್ಲೇ ಹಾದುಹೋಗತ್ತೆ. ಆದರೆ ಆಮೇಲೆ ಅದೇ ಜಾಗದಲ್ಲಿ ಹೊಂಡ ತೋಡಿದ್ರು, 1886ರ ನಕ್ಷೇಲಿದೆ. ಆಲ್ಬನ್ ಟಪಾಲು ಹಂಚೋ ಕಾಲಕ್ಕೆ ಇಟ್ಟಿಗೆ ತುಂಬಿದ್ರು. ನೀವು ಒಂದೇ ನಕ್ಷೆ ನೋಡಿ ಕತೆ ಕಟ್ಟಿದಿರಿ. ಮುದ್ರೆ ಇಲ್ಲಿ ಸಿಕ್ಕಿಲ್ಲ."

"ಹಾಗಂತ ಡಾರ್ಕಸ್ ಹೊಲದಲ್ಲಿ ನಾನೇ ಅಗೆದೆ ಅಂತೀರಾ? ಸಲಿಕೆ ಅವಳದ್ದು!"

"ಅದಕ್ಕೂ ಬರ್ತೀನಿ." ಹೆಸ್ಟರ್ ಮೂಲ ನಕ್ಷೆಯ ಪ್ರತಿಯನ್ನು ಡಾರ್ಕಸ್ ಕೈಗಿಟ್ಟರು. "ಚಾಪೆಲ್ ತಾಕಿನ ಸಂಖ್ಯೆ ಓದಿ."

ಡಾರ್ಕಸ್ ಕನ್ನಡಕ ಸರಿಮಾಡಿಕೊಂಡರು. "ಇನ್ನೂರ... ನಲವತ್ತೊಂದು."

"214 ಯಾವುದು?"

ಡಾರ್ಕಸ್ ಹುಡುಕಿ ಹುಡುಕಿ, ತುಟಿ ಕಚ್ಚಿಕೊಂಡು ಹೇಳಿದರು: "ಹೆಂಡದಂಗಡಿಯ ಹಂದಿಗೂಡು!"

ಸೈಲಸ್ ಸಲಿಕೆಯ ಮೇಲೆ ಬಿದ್ದು ನಕ್ಕ.

"ಇಡೀ ದಿನ ಇನ್ನೂರು ಮಕ್ಕಳಿಗೆ ಅಡುಗೆ ಮಾಡಿ ಸುಸ್ತಾದ ಮರ್ಸಿ, ಇಳಿಸಿಕೊಳ್ಳುವಾಗ ಅಂಕಿ ಅದಲುಬದಲು ಮಾಡಿದಾಳೆ. ಆ ತಪ್ಪು ಇರೋದು ಲೋಕದಲ್ಲಿ ಒಂದೇ ಹಾಳೇಲಿ. ರೂಪರ್ಟ್, ನೀವು ನಿನ್ನೆ ಹೇಳಿದ 214 ಮೂಲ ನಕ್ಷೆ ನೋಡಿದವನ ಬಾಯಲ್ಲಿ ಬರೋದಿಲ್ಲ. ಬುಧವಾರ ಮರ್ಸಿ ನಿಮಗೇ ಟೀ ಮಾಡ್ತಿದ್ದಾಗ ನೀವು ಚೀಲ ತೆರೆದು ನಕ್ಷೆ ನೋಡಿದಿರಿ, ಸಲಿಕೆ ತೆಗೆದುಕೊಂಡಿರಿ. ಶನಿವಾರಕ್ಕಿಂತ ಮೊದಲೇ ಹೊಲ ಅಗೆದಿರಿ. ಅಲ್ಲಿ ಸಿಕ್ಕಿತು ಅಂದ್ರೆ ಕಳ್ಳತನ. ನಿಮ್ಮ ಹುಲ್ಲುಗಾವಲಲ್ಲಿ ಅಂದ್ರೆ ಕೀರ್ತಿ. ಸಲಿಕೆ ಅಲ್ಲಿ ಬಿಟ್ಟಿದ್ದು ಇವಳ ಬಾಯಿ ಮುಚ್ಚಿಸೋಕೆ."

ರೂಪರ್ಟನ ಮುಖ ಸುಣ್ಣದಂತಾಯಿತು. "ಇಪ್ಪತ್ತು ವರ್ಷ," ಎಂದ, "ಇಪ್ಪತ್ತು ವರ್ಷ ಹುಡುಕಿದೀನಿ. ಅಂಗಿ ಗುಂಡಿ, ಮೊಳೆ ಬಿಟ್ಟು ಏನೂ ಸಿಕ್ಕಿಲ್ಲ. ಅಡುಗೆಯವಳಿಗೆ ಸಿಗತ್ತೆ ಅಂದ್ರೆ..." ಜೇಬಿನಿಂದ ಮುದ್ರೆ ತೆಗೆದು ಡಾರ್ಕಸ್ ಕೈಗಿಟ್ಟು, ಗೇಟಿನ ಕಡೆ ನಡೆದ. ಪೊಲೀಸರು ಅವನನ್ನು ಮಾತನಾಡಿಸಿದ್ದು ಸೋಮವಾರ.

ಡಾರ್ಕಸ್ ಮರ್ಸಿಯ ಎದುರು ನಿಂತರು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಹೆಂಗಸು. "ನನ್ನ ನಾಲಿಗೆ ಉದ್ದ, ಮರ್ಸಿ. ತಪ್ಪಾಯ್ತು," ಎಂದು ಒರಟಾಗಿ ಹೇಳಿ ಬೇಲಿಯ ಕಡೆ ಕೋಲು ತೋರಿಸಿದರು. "ಏನು ನಿಂತಿದೀಯಾ? ನಿನ್ನ ಯಂತ್ರ ಎಲ್ಲಿ?"

ಮರ್ಸಿ ಅಳುತ್ತಲೇ ನಕ್ಕು ಓಡಿದಳು. ಗೋಧಿಯ ಕೂಳೆಯ ನಡುವೆ ಡಿಟೆಕ್ಟರ್ ಬೀಸುತ್ತ ಅವಳು, ಹಿಂದೆ ಮೆರವಣಿಗೆಯಂತೆ ನಾವು. ಒಂದು ಗಂಟೆಯಾದ ಮೇಲೆ ಯಂತ್ರ ಒಮ್ಮೆಲೇ ಕಿರುಚಿತು. ಸೈಲಸ್ ಮೆಲ್ಲಗೆ ಅಗೆದ. ಹಸಿರುಗಟ್ಟಿದ ಕಂಚಿನ ದೊಡ್ಡ ಬಾಗಿದ ಚೂರೊಂದು ಮೇಲೆ ಬಂತು.

"ಗಂಟೆ!" ಹೆಸ್ಟರ್ ಕೂಗಿದರು. "ಚಾಪೆಲಿನ ಗಂಟೆಯ ಅಂಚು!"

ಜೀವಮಾನವಿಡೀ ಕಾಗದದ ಮೇಲಷ್ಟೇ ಹೊಲ ಕಂಡಿದ್ದ ಅವರು ಮಣ್ಣಿನಲ್ಲಿ ಮಂಡಿಯೂರಿ, ಆ ಚೂರನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಸಣ್ಣಗೆ, ಆದರೆ ಸ್ಪಷ್ಟವಾಗಿ ಅದು ದನಿಗೊಟ್ಟಿತು. ಡಾರ್ಕಸ್ ಮೆಲ್ಲನೆ ತಮ್ಮ ಟೋಪಿ ತೆಗೆದರು.